ನಾನು ಸುಳ್ಳು ಹೇಳಿದ ಊರುಗಳು

ಮೂವತ್ತು ವರ್ಷಕ್ಕೂ ಮೇಲೆ ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಬೀದರದಿಂದ ಭಾಲ್ಕಿ, ಬೀದರದಿಂದ ಔರಾದ ದಾಟಿ ಎಕಂಬಾ, ಕೆಲವು ವರ್ಷ ಕಮಠಾಣ, ಬಗದಲ್ ಕಡೆಯೂ. ಈ ಸೀಮೆಯಲ್ಲಿ ನಾನು ಹೆಸರು ಹಿಡಿದು ಕೂಗದ ಊರಿಲ್ಲ. ಹಾಗೆಯೇ ಇಳಿದು ನೋಡಿದ ಊರೂ ಇಲ್ಲ! ಜನರನ್ನು ಇಳಿಸುವುದು, ಸೀಟಿ ಊದುವುದು, ಊರು ಹಿಂದೆ ಸರಿಯುವುದು. ಗುಮ್ಮಟವಾಗಲಿ ಕೋಟೆಯಾಗಲಿ, ನನ್ನ ಪಾಲಿಗೆ ಎಲ್ಲವೂ ಬಸ್ಸಿನ ಕಿಟಕಿಯಷ್ಟೇ ಅಗಲ.

ನೋಡಿರಲಿಲ್ಲ ನಿಜ, ಆದರೆ ಅವುಗಳ ಬಗ್ಗೆ ಹೇಳದೆ ಬಿಟ್ಟವನಲ್ಲ. ಬಸ್ಸು ಪಂಕ್ಚರ್ ಆಗಿ ನಿಂತರೆ, ರೇಡಿಯೇಟರ್ ಕುದಿದರೆ ಜನ ಸಿಡಿಮಿಡಿಗೊಳ್ಳುತ್ತಾರೆ. ಬೈಗುಳವೆಲ್ಲ ಕಂಡಕ್ಟರನಿಗೇ, ಡ್ರೈವರ್ ಮಹಾರಾಜ ಕೆಳಗಿಳಿದು ಬೀಡಿ ಸೇದುತ್ತಿರುತ್ತಾನೆ. ಆಗ ಜನರ ಬಾಯಿ ಮುಚ್ಚಿಸಲು ನಾನು ಬಾಯಿ ತೆರೆಯುತ್ತಿದ್ದೆ. "ಅಲ್ನೋಡ್ರಿ ಆ ಗುಮ್ಮಟ, ಅದರದೊಂದು ಕಥಿ ಅದ" ಎಂದು ಶುರು ಮಾಡಿದರೆ ಮುಗಿಯಿತು, ಹಿಂದಿನ ಸೀಟಿನವರೂ ಮುಂದೆ ಬಂದು ನಿಲ್ಲುತ್ತಿದ್ದರು. ಕಥೆ ಎಲ್ಲಿಂದ ಬರುತ್ತಿತ್ತು? ನನ್ನ ತಲೆಯಿಂದ. ಅಪ್ಪಟ ಸುಳ್ಳು. ಪುಣ್ಯಕ್ಕೆ ಅದಕ್ಕೆ ಟಿಕೆಟ್ ಇರಲಿಲ್ಲ.

ನಿವೃತ್ತಿಯಾದ ಮೇಲೆ ಸಿಕ್ಕಿಬಿದ್ದೆ. ಮೊಮ್ಮಗಳಿಗೆ ಸಾಲಿಯಲ್ಲಿ ನಮ್ಮ ಜಿಲ್ಲೆಯ ಹಳೆಯ ಕಟ್ಟಡಗಳ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. ಅವಳು ನನ್ನನ್ನು ಕೇಳಿ ಬರೆದಳು: ಭಾಲ್ಕಿ ಕೋಟೆಯಿಂದ ಬೀದರ ಕೋಟೆಗೆ ನೆಲದಡಿ ದಾರಿಯಿದೆ, ಹಿಂದೊಮ್ಮೆ ಭಾಲ್ಕಿಯಲ್ಲಿ ಒಳಗೆ ಬಿಟ್ಟ ಆಡು ಮೂರು ದಿನದ ಮೇಲೆ ಬೀದರದಲ್ಲಿ ಹೊರಗೆ ಬಂತು, ಬರುವಾಗ ಮೊದಲಿಗಿಂತ ದಪ್ಪಗಾಗಿತ್ತು. ಮಾಸ್ತರರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿ ನಗಿಸಿದರಂತೆ. ಮಗು ಬಂದು ಪಾಟಿಚೀಲ ಎಸೆದು, "ಮುತ್ತ್ಯಾ, ನೀ ಬರೇ ಸುಳ್ಳ!" ಎಂದು ಅತ್ತಿತು.

ನನ್ನ ಹೆಂಡತಿ ಸುಳ್ಳಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಂಡೇ ನೀರು ಮುಟ್ಟುವವಳು. ಹಾಲಿಗೆ ನೀರು ಬೆರೆಸುವವನಿಗೂ ಬೆರೆಸಿದ್ದೀ ಎಂದು ಮುಖದ ಮೇಲೆ ಹೇಳುವವಳು. ಅವತ್ತು ನನ್ನನ್ನು ಎದುರಿಗೆ ಕೂರಿಸಿ ಲಿಂಗದ ಮೇಲೆ ಆಣೆ ಹಾಕಿಸಿದಳು.

"ಇನ್ಮ್ಯಾಲ ಒಂದು ಸುಳ್ಳು ನಿಮ್ಮ ಬಾಯಿಂದ ಬರಬಾರದು. ಅಷ್ಟೇ ಅಲ್ಲ. ಎಲ್ಲೆಲ್ಲಿ ಸುಳ್ಳು ಹೇಳೀರಿ, ಅಲ್ಲಲ್ಲಿ ಹೋಗಿ ಖರೆ ಹೇಳಿ ಬರೂಣ್ರಿ. ನಾನೂ ಬರ್ತೇನಿ."

"ಏ, ಹುಚ್ಚಿ! ಎಷ್ಟು ಊರ ಅವ ಗೊತ್ತದ ಏನು ನಿನಗ?"

"ಅದಾವಲ್ಲ ಐತವಾರಗಳು" ಅಂದಳು.

ಹೀಗೆ ಶುರುವಾಯಿತು ನಮ್ಮ ಯಾತ್ರೆ. ಐತವಾರ ಬಂತೆಂದರೆ ನಮ್ಮ ಹಳೇ ಸ್ಕೂಟರು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಿಂದಿನ ಸೀಟಿನ ಮೇಲೆ ಒಂದು ಬದಿಗೆ ಕೂತ ಅವಳು. ನನ್ನ ಬೆನ್ನಿಗೆ ಎರಡು ಸಲ ಬಡಿದು "ರೈಟ್!" ಎನ್ನುವಳು. ಇಳಿಯಬೇಕೆಂದರೆ ಒಂದು ಬಡಿತ. ಅರವತ್ತು ದಾಟಿದ ಮೇಲೆ ನಾನು ಡ್ರೈವರ್ ಆದೆ, ಅವಳು ಕಂಡಕ್ಟರ್ ಆದಳು. ಇಬ್ಬರಿಗೂ ಹುಚ್ಚು ಹಿಡಿದಿದೆ ಎಂದು ಮಗ ಹೇಳಿದ. ಹೇಳಲಿ ಬಿಡಿ.

ಮೊದಲ ಸುಳ್ಳು ಬೀದರಿನ ಹೊರಗಿನ ಗುಮ್ಮಟಗಳದು. ಇವನ್ನು ಎರಡು ಸಲ ಎಣಿಸಿದರೆ ಒಂದೇ ಲೆಕ್ಕ ಬರುವುದಿಲ್ಲ, ಸುಲ್ತಾನರ ಮಾಟ ಇದೆ ಎಂದು ನಾನು ಬಸ್ಸಿನಲ್ಲಿ ಹೇಳುತ್ತಿದ್ದೆ. "ಎಣಿಸ್ರಿ ಈಗ" ಎಂದಳು. ಎಣಿಸಿದೆ, ಹನ್ನೊಂದು. ಅವಳು ಬೆರಳಿನ ಗೆಣ್ಣಿನ ಮೇಲೆ ಎಣಿಸಿದಳು, ಹದಿಮೂರು. ಅರ್ಧ ಬಿದ್ದದ್ದನ್ನು ಒಂದೆಂದು ಹಿಡಿಯಬೇಕೋ ಬೇಡವೋ ಎಂದು ಜಗಳ ಹತ್ತಿತು. ಮತ್ತೆ ಎಣಿಸಿದೆವು, ನನಗೆ ಹನ್ನೆರಡು, ಅವಳಿಗೂ ಹನ್ನೆರಡು, ಆದರೆ ಅವಳ ಹನ್ನೆರಡೇ ಬೇರೆ! ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಗುಮ್ಮಟದೊಳಗೆ ಹೋಗಿ ಗುಂಯ್ ಎಂದು ತಿರುಗಿ ಬಂತು. ಒಳಗಿನ ಗೋಡೆಯ ಬಣ್ಣದ ಬಳ್ಳಿಗಳನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ದಿನಕ್ಕೆ ನಾಲ್ಕು ಸಲ ಆ ದಾರಿಯಲ್ಲಿ ಹಾದುಹೋದವನು, ಛೇ.

ಭಾಲ್ಕಿಯಲ್ಲಿ ಕೋಟೆಯ ಹತ್ತಿರ ಒಬ್ಬ ಮುದುಕ ಚಹಾ ಮಾರುತ್ತಿದ್ದ. ಅವನೆದುರು ಕೈಮುಗಿದು ನಿಂತು, ಆ ಆಡಿನ ಕಥೆ ನಾನೇ ಹುಟ್ಟಿಸಿದ್ದು, ಸುಳ್ಳು, ಎಂದು ಒಪ್ಪಿಕೊಂಡೆ. ಮುದುಕ ಸೋಸಣಿಗೆ ಕೆಳಗಿಟ್ಟ.

"ಏನಂದ್ರಿ? ಸುಳ್ಳಾ? ಆ ಆಡು ನಮ್ಮ ಮುತ್ತ್ಯಾಂದೇ ಇತ್ತು! ಕರಿ ಆಡು, ಹಣಿ ಮ್ಯಾಲ ಬಿಳಿ ಚುಕ್ಕಿ. ನಿಮಗೇನ್ರಿ ಗೊತ್ತು, ನೀವು ಬೀದರದವರು."

"ಅಲ್ರಿ, ನಾನೇ..."

"ಚಹಾ ಕುಡುದು ಸುಮ್ಕ ಹೋಗ್ರಿ. ದೊಡ್ಡವರ ಬಕ್ರಿ ಬಗ್ಗಿ ಮಾತಾಡ್ಲಾಕ ಬಂದಾರ!"

ನನ್ನ ಸುಳ್ಳನ್ನು ಸುಳ್ಳೆಂದರೆ ನನ್ನನ್ನೇ ಬೈಯುವ ಕಾಲ ಬಂತಲ್ಲ! ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತ ತಿರುಗಿದಳು.

ಕಮಠಾಣದ ಕೆರೆಯೊಳಗೆ ಒಂದು ಹಳೇ ಊರು ಮುಳುಗಿದೆ, ನಡುಮಧ್ಯಾಹ್ನ ಅದರ ಗುಡಿಯ ಗಂಟೆ ಕೇಳುತ್ತದೆ ಎಂದು ಹೇಳಿದ್ದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಎದುರು ತಪ್ಪೊಪ್ಪಿಕೊಂಡೆ. ಅವಳು ಅತ್ತಿತ್ತ ನೋಡಿ ಪಿಸುದನಿಯಲ್ಲಿ ಹೇಳಿದಳು: "ನಮಗ ಗೊತ್ತದ್ರಿ. ಆದ್ರ ನಮ್ಮ ಅತ್ತಿ ಮುಂದ ಮಾತ್ರ ಹೇಳಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ. ಗಂಟಿ ಕೇಳಸ್ತದಂತ ದಿನಾ ಮಧ್ಯಾಹ್ನ ಇಲ್ಲಿ ಬಂದು ಕುಂದರ್ತಾಳ. ಆ ಒಂದು ತಾಸು ಮನ್ಯಾಗ ನಾವು ಆರಾಮ ಇರ್ತೇವಿ." ಸತ್ಯ ಹೇಳಲು ಹೋದವನು ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಬಗದಲ್‌ದಲ್ಲಿ ಮಾತ್ರ ಮನಸ್ಸಿಗೆ ಪೆಟ್ಟಾಯಿತು. ಅಲ್ಲಿ ಯಾರಿಗೂ ನನ್ನ ಸುಳ್ಳು ನೆನಪಿರಲಿಲ್ಲ. ನನ್ನನ್ನೂ ಯಾರೂ ಗುರುತು ಹಿಡಿಯಲಿಲ್ಲ. ಅಷ್ಟು ಚಂದದ ಸುಳ್ಳು, ಹಾಳು ಊರು.

ಪ್ರತಿ ಜಾಗದಲ್ಲೂ ಅವಳದೊಂದೇ ಪ್ರಶ್ನೆ: "ಇದನ್ನ ಮದಲ ಯಾರಿಗಿ ಹೇಳಿದ್ರಿ?" ನಾನು ನೆನಪಿದ್ದಷ್ಟು ಹೇಳುತ್ತಿದ್ದೆ. ಆಡಿನ ಕಥೆ ಒಬ್ಬ ಫೌಜುದಾರನಿಗೆ, ಗುಮ್ಮಟದ್ದು ಮದುವೆ ದಿಬ್ಬಣಕ್ಕೆ. ಅವಳು ಹೂಂ ಅನ್ನುತ್ತಿದ್ದಳು.

ಎಲ್ಲ ಮುಗಿದು ಒಂದು ಉಳಿಯಿತು: ಔರಾದ ದಾಟಿ ಎಕಂಬಾಕ್ಕೆ ಹೋಗುವ ದಾರಿಯ ಬಾವಿ. ಎಕಂಬಾ ಅವಳ ತವರು. ಆ ಬಾವಿಯ ಹತ್ತಿರ ನಮ್ಮ ಬಸ್ಸು ರೇಡಿಯೇಟರಿಗೆ ನೀರು ಹಾಕಲು ನಿಲ್ಲುತ್ತಿತ್ತು. ನಾನು ಹೇಳುತ್ತಿದ್ದ ಕಥೆ ಇದು. ಈ ಕಡೆಯ ಒಬ್ಬ ಹುಡುಗಿ ಬೀದರ ಕೋಟೆಯ ರಾಣಿಯಾದಳು. ಅಲ್ಲಿಯ ನೀರು ಅವಳಿಗೆ ಒಗ್ಗಲಿಲ್ಲ, ತವರ ನೀರು ಬೇಕೆಂದು ಅತ್ತಳು. ರಾಜ ಈ ಬಾವಿಯಿಂದ ದಿನಾ ನೀರು ತರಿಸಿದ. ಅಂದಿನಿಂದ ತವರು ಬಿಟ್ಟು ಹೋಗುವಾಗ ಯಾವ ಹೆಣ್ಣುಮಗಳು ಇಲ್ಲಿ ನೀರು ಕುಡಿಯುತ್ತಾಳೋ ಅವಳ ತವರ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಪ್ರತಿ ಪಂಚಮಿಗೂ ತಪ್ಪದೆ ಬರುತ್ತಾಳೆ.

ಈ ಬಾವಿಯ ಬಗ್ಗೆ ಹೆಂಡತಿಯ ತಮ್ಮ ಫೋನ್ ಮಾಡಿದ. "ಅಕ್ಕಾ, ಎಳ್ಳ ಅಮಾಸಿ ಮುಗದ ಮರುದಿನ ಬಾವಿ ಮುಚ್ಚಸ್ಲಾಕತ್ತಾರ. ಅಲ್ಲಿ ಬಸ್ ಶೆಲ್ಟರ್ ಕಟ್ಟಸ್ತಾರಂತ. ಹೆಣ್ಣಮಕ್ಕಳು ಬ್ಯಾಡಂತ ಕುಂತಾರ. ಅವರು ಅಲ್ಲಿ ಬಾವ್ಯಾಗ ಹಸರು ಬಳಿ ಬಿಟ್ಟು ನೀರು ಕುಡೀತಾರಲ್ಲ. ಯಾರೋ ಕಂಡಕ್ಟರ್ ಹೇಳಿದ್ನಂತ ರಾಣಿ ಕಥಿ."

ಫೋನಿನ ದನಿ ನನಗೂ ಕೇಳಿಸಿತು. ನನ್ನ ಸುಳ್ಳು ಅಲ್ಲಿ ಪದ್ಧತಿಯಾಗಿ ಕೂತಿತ್ತು!

"ಮದಲ ಯಾರಿಗಿ ಹೇಳಿದ್ರಿ ಇದನ್ನ?" ಹೆಂಡತಿ ಕೇಳಿದಳು.

"ಯಾರಿಗೋ. ಯಾವುದೋ ಅಳೋ ಹುಡುಗಿ ಇದ್ದಳು. ನೆನಪಿಲ್ಲ."

ಅವಳು ಹೂಂ ಅನ್ನಲಿಲ್ಲ. ಎರಡು ದಿನ ಪಲ್ಯಕ್ಕೆ ಉಪ್ಪು ಕಡಿಮೆ ಬಿತ್ತು. ನನಗೆ ಕಾರಣ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಎಳ್ಳ ಅಮಾಸಿಗೆ ಹೇಗೂ ಅವಳ ತಮ್ಮನ ಹೊಲಕ್ಕೆ ಊಟಕ್ಕೆ ಹೋಗುವುದಿತ್ತು. ಅಂದೇ ಬಾವಿಯ ಹತ್ತಿರ ನಿಂತು ಸತ್ಯ ಹೇಳಿಬಿಡುವುದು ಎಂದು ಗೊತ್ತು ಮಾಡಿದೆವು. ಮಾಡಿದ ತಪ್ಪೇ ಅದು! ನಮ್ಮ ಸೀಮೆಯಲ್ಲಿ ಎಳ್ಳ ಅಮಾಸಿಯ ದಿನ ದಾರಿ ಹಿಡಿದು ಹೋಗುವವನಿಗೆ ದಾರಿಯೇ ಸಾಗುವುದಿಲ್ಲ. ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ಕಣಿಕೆ ಕಟ್ಟಿ ಮಾಡಿದ ಪುಟ್ಟ ಕೊಂಪಿಯೊಳಗೆ ಐದು ಕಲ್ಲಿಗೆ ಪೂಜೆ, "ಓಲಗ್ಯಾ ಓಲಗ್ಯಾ" ಎಂದು ಕೂಗುತ್ತ ಬೆಳೆಗೆ ಎಡೆಯ ಚರಗ ಚೆಲ್ಲುವುದು, ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೈಹಿಡಿದು ಎಳೆದು ಊಟಕ್ಕೆ ಕೂರಿಸುವುದು. ಒಲ್ಲೆ ಅನ್ನುವಂತಿಲ್ಲ. ಔರಾದ ದಾಟುವಷ್ಟರಲ್ಲಿ ನಾವು ಮೂರು ಹೊಲದಲ್ಲಿ ಉಂಡಿದ್ದೆವು. ಮೂರು ಕಡೆ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಮೂರು ಕಡೆ ಸಜ್ಜಿ ರೊಟ್ಟಿ, ಮೂರು ಕಡೆ ಗಡಿಗೆ ಅಂಬಲಿ. ಬೀದರಿನ ಕೆಂಪು ಮಣ್ಣು ಮುಗಿದು ಕರಿಮಣ್ಣು ಹತ್ತಿತ್ತು, ಎರಡೂ ಬದಿ ಆಳೆತ್ತರದ ಬಿಳಿಜೋಳ, ಕಡಲೆ ಹೊಲದಿಂದ ಹುಳಿ ವಾಸನೆ, ಮೇಲೆ ಗಿಳಿಗಳ ಗದ್ದಲ. ಸ್ಕೂಟರು ನಮ್ಮಿಬ್ಬರ ಹೊಟ್ಟೆಭಾರಕ್ಕೆ ಏದುಸಿರು ಬಿಡುತ್ತಿತ್ತು. ಹೆಂಡತಿ ಹಿಂದೆ ತೇಗುತ್ತ "ರೈಟ್" ಅನ್ನುತ್ತಿದ್ದಳು.

ಬಾವಿಯ ಎದುರು ನಿಂತೆವೋ ಇಲ್ಲವೋ, ಪಕ್ಕದ ಹೊಲದಿಂದ ಕೂಗು ಬಂತು. ಆ ಹೊಲ ಪಂಚಾಯತಿಯ ಮೆಂಬರನದು. ಬಾವಿ ಮುಚ್ಚಿಸಲು ಹೊರಟವನು ಆತನೇ. ನಲವತ್ತರ ಆಸುಪಾಸಿನ ಗಟ್ಟಿ ಆಳು, ನಗುಮುಖ. ನಾಲ್ಕನೆಯ ಊಟಕ್ಕೆ ನಮ್ಮನ್ನು ಕೂರಿಸಿದ. ಅವನ ತಾಯಿ, ಹೆಂಡತಿ, ಅಕ್ಕಪಕ್ಕದ ಹೊಲಗಳ ಹತ್ತಾರು ಹೆಂಗಸರು ಅಲ್ಲಿದ್ದರು. ನಾನು "ಸಾಕ್ರಿ, ಸಾಕ್ರಿ, ಭಜ್ಜಿ ಬ್ಯಾಡ್ರಿ" ಎಂದು ಕೂಗಿದ್ದೇ ತಡ, ಅವನ ತಾಯಿ ಸೌಟು ಹಿಡಿದಂತೆಯೇ ನಿಂತುಬಿಟ್ಟಳು.

"ಈ ದನಿ ನಾ ಕೇಳೇನಿ. ಎಕಂಬಾ ಇಳಿಯೋರು ಇಳೀರಿ ಅಂತ ಒದರ್ತಿದ್ದಿರಿ ಅಲ್ಲ? ನೀವು ಕಂಡಕ್ಟರ್ ಸಾಬ್ರು!" ಮಗನ ಕಡೆ ತಿರುಗಿದಳು. "ಇವರೇ ನೋಡಪಾ, ರಾಣಿ ಕಥಿ ಹೇಳ್ದವರು! ಕೇಳು ಈಗ, ಬಾಯಿಬಿಟ್ಟು ಕೇಳು!"

ಮೆಂಬರ್ ನನ್ನ ಎದುರು ಬಂದು ಕೂತ. ಮರ್ಯಾದೆಯಿಂದಲೇ ಮಾತಾಡಿದ.

"ನೋಡ್ರಿ ಸಾಬ್ರೆ, ನಂದೇನು ಹಟ ಇಲ್ಲ. ಸಾಲಿ ಹುಡುಗ್ಯಾರು ಇಲ್ಲಿ ಬಿಸಲಾಗ ಬಸ್ಸಿಗಿ ನಿಂದಿರ್ತಾರ. ನಿಮಗಿಂತ ಯಾರಿಗಿ ಗೊತ್ತದ? ಸರಕಾರಿ ಜಾಗ ಅಂದ್ರ ಇದೊಂದೇ. ಆದ್ರ ಖರೇನೇ ಅದು ರಾಣಿ ಬಾವಿ ಇದ್ರ ನಾ ಮುಟ್ಟಂಗಿಲ್ಲ, ಹಳೇದು ಕೆಡಸಬಾರದು. ನೀವು ಹೇಳ್ರಿ. ಕಥಿ ಖರೆ ಏನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಲ್ಲಿ ಭಜ್ಜಿ ಹಾಗೇ ಇತ್ತು. ಹೌದು ಎಂಬ ಒಂದು ಮಾತು ಸಾಕಿತ್ತು! ನನ್ನ ಜನ್ಮದಲ್ಲಿ ಅದಕ್ಕಿಂತ ಸುಲಭದ ಸುಳ್ಳು ಸಿಕ್ಕಿರಲಿಲ್ಲ. ನಾಲಿಗೆ ತುರಿಸಿತು, ದೇವರಾಣೆ. ಹಳೇ ತಾಮ್ರಪಟ, ಪಾರ್ಸಿ ಕಾಗದ, ಏನು ಬೇಕಾದರೂ ಆ ಕ್ಷಣಕ್ಕೆ ಹುಟ್ಟಿಸಿಬಿಡುತ್ತಿದ್ದೆ. ಹೆಂಡತಿಯ ಕಡೆ ನೋಡಿದೆ. ಅವಳು ತಟ್ಟೆಯ ಕಡೆ ನೋಡುತ್ತ ಕೂತಿದ್ದಳು. ಕೊರಳಲ್ಲಿ ನಾನು ಆಣೆ ಹಾಕಿದ ಲಿಂಗದ ಕರಡಿಗೆ.

ಭಜ್ಜಿ ನುಂಗಿದೆ. "ಸುಳ್ಳ್ರಿ" ಎಂದೆ. "ರಾಣಿ ಇಲ್ಲ, ರಾಜ ಇಲ್ಲ. ಬಸ್ಸು ನಿಂತಾಗ ನಾನೇ ಹುಟ್ಟಿಸಿ ಹೇಳಿದ್ದು."

ಮೆಂಬರನ ತಾಯಿ ಸೌಟನ್ನು ಗಡಿಗೆಯೊಳಗೆ ಬಿಟ್ಟಳು. ಮೂಲೆಯಲ್ಲಿದ್ದ ಹೊಸ ಮದುಮಗಳೊಬ್ಬಳು ತನ್ನ ಬಳೆಗಳ ಮೇಲೆ ಕೈ ಇಟ್ಟುಕೊಂಡಳು. ಅಷ್ಟು ನಾಚಿಕೆ ನನಗೆ ಮೂವತ್ತು ವರ್ಷದಲ್ಲಿ ಆಗಿರಲಿಲ್ಲ. ಮೆಂಬರ್ ಪಾಪ, ಗೆದ್ದವನಂತೆಯೂ ಕಾಣಲಿಲ್ಲ, ಸುಮ್ಮನೆ ತಲೆ ಕೆರೆದುಕೊಂಡ.

ಆಗ ನನ್ನ ಹೆಂಡತಿ ಎದ್ದು ನಿಂತಳು.

"ಇವರು ಹೇಳಿದ್ದು ಖರೆ ಅದ. ಅಂದ್ರ, ಆ ಕಥಿ ಸುಳ್ಳು ಅನ್ನೋದು ಖರೆ. ಆದ್ರ ಅದನ್ನ ಮದಲ ಕೇಳ್ದಾಕಿ ನಾ."

ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಲಗ್ನ ಆಗಿ ಮೊದಲ ಪಂಚಮಿ ಮುಗಿಸಿ ಇವರದೇ ಬಸ್ಸಿನ್ಯಾಗ ಬೀದರಕ್ಕ ಹೊಂಟಿದ್ದೆ. ಅಳ್ಳಾಕತ್ತಿದ್ದೆ. ಡ್ಯೂಟಿ ಮ್ಯಾಲ ಇದ್ರು, ಬಲ್ಲಿ ಕುಂತು ಸಮಾಧಾನ ಮಾಡಂಗಿಲ್ಲ. ಬಸ್ಸು ಇಲ್ಲಿ ನಿಂತಿತು. ರೇಡಿಯೇಟರ್ ಡಬ್ಬಿಯಾಗ ನೀರು ತಂದು ಕೊಟ್ಟು ಈ ಕಥಿ ಹೇಳಿದ್ರು. ಹಸಿ ಸುಳ್ಳು ಅಂತ ನನಗ ಅವತ್ತೇ ಗೊತ್ತಿತ್ತು. ಆದ್ರೂ ಕುಡುದೆ. ಮೂವತ್ತನಾಕು ವರ್ಷ ಆಯ್ತು, ಒಂದು ಪಂಚಮಿ ತಪ್ಪಿಲ್ಲ. ಅತ್ತಿ ಕಳಸಂಗಿಲ್ಲ ಅಂದಾಗ ಇವರೇ ಜಗಳಾಡಿ ಕಳಸ್ಯಾರ. ರಾಣಿ ಇದ್ದಳೋ ಇಲ್ಲೋ ನನಗ ಗೊತ್ತಿಲ್ಲ. ನಾ ಬಂದೇನಿ. ಇದು ಸುಳ್ಳೇನ್ರಿ?"

ಮೆಂಬರನ ಹೆಂಡತಿ ಅಲ್ಲಿಂದಲೇ ಎದ್ದಳು. "ನನ್ನ ಬಳಿನೂ ಅದ ಅದರಾಗ. ಅದರ ಮ್ಯಾಲ ಮಣ್ಣ ಹಾಕಸ್ತೀರೇನು? ಹಾಕಸ್ರಿ ನೋಡೂಣ!" ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನನ್ನದು ಮೂರು ಬಳೆ, ನಮ್ಮ ಮಗಳದು, ನಮ್ಮ ನೆಗೆಣ್ಣಿಯದು. ಗದ್ದಲವೋ ಗದ್ದಲ. ಮೆಂಬರ್ ಎರಡೂ ಕೈ ಮೇಲೆತ್ತಿದ.

"ಆಯ್ತ್ರೆವ್ವಾ, ಆಯ್ತು! ಶೆಲ್ಟರ್ ನನ್ನ ಹೊಲದ ಬದುವಿನ್ಯಾಗ ಕಟ್ಟಸ್ತೇನಿ, ಆ ಬೇವಿನ ಗಿಡದ ಬಲ್ಲಿ. ಜಾಗ ನಾನೇ ಬಿಡ್ತೇನಿ. ಈಗರ ಉಣ್ಣಾಕ ಕೊಡ್ತೀರೋ ಇಲ್ಲೋ?"

ಅವನ ತಾಯಿ ಆ ಸಂತೋಷಕ್ಕೆ ನನ್ನ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಸುರಿದಳು. ಉಂಡೆ, ಏನು ಮಾಡಲಿ.

ಊಟ ಮುಗಿಸಿ ನಾವಿಬ್ಬರೇ ಬಾವಿಯ ಹತ್ತಿರ ಹೋದೆವು. ಕರಿಕಲ್ಲಿನ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಅಂಚಿನಲ್ಲಿ ಬೆರಳಗಲದ ಗೀರುಗಳು. ಅಷ್ಟು ಗೀರು ಬೀಳಲು ಎಷ್ಟು ಕಾಲ ಬೇಕೋ, ನನ್ನ ಸುಳ್ಳಿಗಿಂತ ಬಹಳ ಹಳೆಯದು ಅದು. ಮೆಂಬರನ ಮನೆಯವರ ಕೊಡ ಇಳಿಸಿ ನೀರು ಸೇದಿದೆ. ಅವಳು ಒಂದು ಹಸಿರು ಬಳೆ ತೆಗೆದು ಬಾವಿಗೆ ಬಿಟ್ಟು, ಬೊಗಸೆಯೊಡ್ಡಿ ಕುಡಿದಳು.

"ಯಾವುದೋ ಹುಡುಗಿ ಅಂದ್ರಿ" ಎಂದಳು. ಈಗ ಪಲ್ಯದ ಉಪ್ಪಿನ ಗುಟ್ಟು ನನಗೆ ತಿಳಿಯಿತು.

"ತಪ್ಪಾಯ್ತು."

"ಈಗರ ನೆನಪಾಯ್ತೇನ್ರಿ?"

ಅಯ್ಯೋ, ಮತ್ತೆ ಅದೇ! ಹೌದು ಅಂದುಬಿಟ್ಟರೆ ಅವಳ ಮುಖ ಅರಳುತ್ತಿತ್ತು. ಕಣ್ಣುಮುಚ್ಚಿ ನೆನೆದೆ. ಆ ಬಸ್ಸು ನೆನಪಾಯಿತು, ಕುದಿಯುವ ರೇಡಿಯೇಟರ್ ನೆನಪಾಯಿತು. ಅಳುತ್ತಿದ್ದ ಹುಡುಗಿಯ ಮುಖ ಬರಲಿಲ್ಲ. ಅದರ ಮೇಲೆ ಎಷ್ಟೋ ಹುಡುಗಿಯರು ಹತ್ತಿ ಇಳಿದು ಹೋಗಿದ್ದರು.

"ಇಲ್ಲ" ಎಂದೆ. "ಎಷ್ಟು ನೆನಸಿದ್ರೂ ನೆನಪಾಗವಲ್ದು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಕ್ಕಳು, ಗುಮ್ಮಟದ ಮೆಟ್ಟಿಲ ಮೇಲೆ ನಕ್ಕಂತೆ, ಹೊಟ್ಟೆತುಂಬ.

"ಹೋಗ್ಲಿ ಬಿಡ್ರಿ. ನನಗ ನೆನಪದ ಅಲ್ಲ. ಕುಂದರ್ರಿ ಇಲ್ಲಿ, ನಾ ಹೇಳ್ತೇನಿ. ನೀವು ಬರ್ತಾ ಬರ್ತಾ ಆ ಕಥಿ ಬರೇ ಕೆಡಿಸೀರಿ. ಮದಲ ಅದರಾಗ ಆನಿ ಇತ್ತು. ನೀರು ಹೊತ್ತು ಒಯ್ಯೋ ಆನಿ. ಒಂದು ಕಿವಿ ಹರದಿತ್ತು."

"ಕಿವಿ ಯಾಕ ಹರದಿತ್ತು?"

"ನನ್ನ ಮುಂದಿನ ಸೀಟಿನ ರೆಕ್ಸಿನ್ ಹರದಿತ್ತಲ್ಲ, ಅದನ್ನ ನೋಡ್ಕೋತ ಹೇಳಿದ್ರಿ."

ನಾನು ಕಟ್ಟೆಯ ಮೇಲೆ ಕೂತೆ. ಎದುರಿಗೆ ಬಿಳಿಜೋಳ ತಲೆದೂಗುತ್ತಿತ್ತು. ದೂರದ ಹೊಲದಲ್ಲಿ ಯಾರೋ ಇನ್ನೂ "ಓಲಗ್ಯಾ" ಎಂದು ಕೂಗುತ್ತಿದ್ದರು. ಎಷ್ಟು ಸಾವಿರ ಜನರಿಗೆ ಹೇಳಿದ ಕಥೆ, ಒಮ್ಮೆಯೂ ನಾನು ಕೂತು ಕೇಳಿದ್ದಿಲ್ಲ. "ಹೇಳು ಹಂಗಾದ್ರ" ಎಂದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಚಾಚಿದಳು.

"ಅವತ್ತು ಅಳೋ ಹೆಂಡ್ತಿ ಅಂತ ನನಗ ಪುಕ್ಕಟ ಬಿಟ್ರೇನು ನೀವು? ಮದಲ ಟಿಕೆಟ್ ತಗೋರಿ."